ಕರೆಬಿಲ್ಲೆ

ಕರೆಬಿಲ್ಲೆ ಕೆಲಸ ಮಾಡುತ್ತದೆ ಎಂಬುದರಲ್ಲಿ ಹುಲಿಗೊಳ್ಳದಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅನುಮಾನ ಪಡಬೇಕಾದವಳು ಒಬ್ಬಳಿದ್ದಳು, ಡಾಕ್ಟರ್ ದಾನಮ್ಮ ಕಟಗೇರಿ. ಅವಳಿಗೂ ಇರಲಿಲ್ಲ. ಕಂಡುಹಿಡಿದವಳೇ ಅವಳಾದ ಮೇಲೆ ಅನುಮಾನ ಎಲ್ಲಿಂದ ಬರಬೇಕು? ಹೆತ್ತವರಿಗೆ ಹೆಗ್ಗಣ ಮುದ್ದು.

ಬಿಲ್ಲೆ ನೋಡಲಿಕ್ಕೆ ದೊಡ್ಡ ಕುಂಕುಮದ ಬೊಟ್ಟಿನಷ್ಟು. ಕಿವಿಯ ಹಿಂದೆ ಅಂಟಿಸಿಕೊಂಡರೆ ಸಾಕು. ಅತ್ತ ಇನ್ನೊಂದು ಜೀವದ ಮಿದುಳಿನಲ್ಲಿ ಕೂದಲಿಗಿಂತ ತೆಳುವಾದ ತಂತಿಯೊಂದು ಕೂತಿರುತ್ತದೆ. ಆ ಜೀವ ತನ್ನ ಜೊತೆಗಾರನಿಂದ ಏನನ್ನೋ ಬಯಸಿದಾಗ ಅಲ್ಲೊಂದು ಸಣ್ಣ ಅಲೆ ಏಳುತ್ತದೆ. ಅಲೆ ಎದ್ದೊಡನೆ ಬಿಲ್ಲೆ ಜೊತೆಗಾರನ ಕಿವಿಯ ಹಿಂದೆ ಚುಳುಚುಳು ಎನ್ನುತ್ತದೆ, ಇರುವೆ ಹರಿದ ಹಾಗೆ. ಅಷ್ಟೇ. ಮಾತಿಲ್ಲ, ಚಿತ್ರವಿಲ್ಲ. ಇರುವೆ ಹರಿದರೆ ಆ ಜೀವ ನಿನ್ನನ್ನು 'ಬಾ, ಕೈ ಹಚ್ಚು' ಎಂದು ಕರೆಯುತ್ತಿದೆ ಎಂದು ಅರ್ಥ. ಅದಕ್ಕೇ ಅದಕ್ಕೆ ಕರೆಬಿಲ್ಲೆ ಎಂಬ ಹೆಸರು ಬಂತು.

ಇದು ಹುಟ್ಟಿದ್ದು ಮನುಷ್ಯರಿಗಾಗಿ ಅಲ್ಲ, ಮಂಗಗಳಿಗಾಗಿ. ಊರ ಹೊರಗೆ ಕೆಂಪು ಬಂಡೆಗಳ ಬುಡದಲ್ಲಿ ದಾನಮ್ಮನ ಸಂಶೋಧನಾ ಕೇಂದ್ರವಿದೆ. ಮಂಗಗಳು ಹೇಗೆ ಯೋಚಿಸುತ್ತವೆ, ಒಂದಕ್ಕೊಂದು ಹೇಗೆ ನೆರವಾಗುತ್ತವೆ ಎಂದು ನೋಡುವುದೇ ಅಲ್ಲಿಯ ಕಸುಬು. ಪ್ರಯೋಗ ಬಹಳ ಸರಳ. ಜಾಲರಿಯ ಆಚೆ ಶೇಂಗಾ ತುಂಬಿದ ತಟ್ಟೆ. ತಟ್ಟೆಯ ಬಳೆಗಳೊಳಗಿಂದ ಹಾಯಿಸಿದ ಒಂದೇ ಹಗ್ಗ. ಹಗ್ಗದ ಎರಡು ತುದಿಗಳೂ ಜಾಲರಿಯ ಈಚೆ, ದೂರ ದೂರದ ಎರಡು ಕಿಂಡಿಗಳಲ್ಲಿ. ಎರಡು ಮಂಗಗಳು ಒಟ್ಟಿಗೆ ಎಳೆದರೆ ತಟ್ಟೆ ಸರಿದು ಬರುತ್ತದೆ. ಒಂದೇ ಎಳೆದರೆ ಹಗ್ಗ ಬಳೆಗಳಿಂದ ಜಾರಿ ಬರೀ ಹಗ್ಗವೇ ಕೈಗೆ ಬರುತ್ತದೆ, ಶೇಂಗಾ ಅಲ್ಲೇ ಕೂತು ಅಣಕಿಸುತ್ತದೆ. ಬಿಲ್ಲೆ ಇಲ್ಲದ ಜೋಡಿಗಳಿಗೆ ಹತ್ತರಲ್ಲಿ ಎರಡು ಸಲ ತಟ್ಟೆ ಸಿಕ್ಕರೆ ಹೆಚ್ಚು. ಬಿಲ್ಲೆ ಹಚ್ಚಿದ ಮೇಲೆ ಸಿಗದೇ ಹೋದದ್ದೇ ಅಪರೂಪ.

ಅಲೆ ಎದ್ದಿತು, ಆಮೇಲೆ ಎಳೆತ ಬಂತು, ತಟ್ಟೆ ಬಂತು. ಸಾವಿರಾರು ಸರದಿಗಳಲ್ಲೂ ಇದೇ ಕಥೆ. ತಟ್ಟೆ ಬಾರದ ಸರದಿಗಳಲ್ಲಿ ಏನಾಯಿತೆಂದು ಯಾರೂ ನೋಡಿರಲಿಲ್ಲ. ಹಗ್ಗ ಜಾರಿತೆಂದರೆ ಎರಡೂ ಮಂಗಗಳು ಕಚ್ಚಾಡುತ್ತಿದ್ದವು, ಆ ಗದ್ದಲದಲ್ಲಿ ತಂತಿ ಅಲುಗಿ ದಾಖಲೆಯೆಲ್ಲ ಗೀಚುಗೀಚು. ಅಂಥ 'ಕೆಟ್ಟ ಸರದಿ'ಗಳನ್ನು ಕಂಪ್ಯೂಟರೇ ಅಳಿಸಿಹಾಕಲಿ ಎಂದು ದಾನಮ್ಮ ಮೊದಲ ವಾರವೇ ನಿಯಮ ಮಾಡಿದ್ದಳು. ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟು ಸಹಜವಾಗಿ ಮಾಡಿದ ಕೆಲಸ ಅದು. ಯಾವ ಪಂಡಿತನೂ ಅದನ್ನು ತಪ್ಪು ಎನ್ನಲಿಲ್ಲ.

ಆಮೇಲೆ ಮನೆಯಲ್ಲಿ ಈರಣ್ಣ ಬಿದ್ದ.

ಈರಣ್ಣ ಅವಳ ಗಂಡ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಯಾರಿಗೂ ಎಂದೂ ಇಲ್ಲ ಎನ್ನದ ಮನುಷ್ಯ. ಗಣಪತಿಗೆ ಬಣ್ಣ ಬಳಿಯಲು ಕರೆದರೂ ಹೋದ, ಅಂಗಡಿಯ ಬೋರ್ಡು ಬರೆಯಲು ಕರೆದರೂ ಹೋದ. ಬಡಿಸಿದವರ ಮನಸ್ಸು ನೋಯಬಾರದೆಂದು ನಾಲ್ಕನೇ ರೊಟ್ಟಿಯನ್ನೂ ತಿಂದುಬಿಡುತ್ತಿದ್ದ. ಅಂಥವನ ಮಿದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿ, ಬೆರಳ ತುದಿಯಿಂದ ರೆಪ್ಪೆಯವರೆಗೆ ಒಂದೂ ಅವನ ಮಾತು ಕೇಳದಂತಾಯಿತು. ಒಳಗೆ ಈರಣ್ಣ ಇದ್ದಾನೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ದಾನಮ್ಮ ಆಸ್ಪತ್ರೆಯವರ ಕೈಕಾಲು ಹಿಡಿದು, ಸಮಿತಿಗಳಿಗೆ ಅಲೆದು, ಮಂಗಗಳಿಗೆ ಹಾಕಿದ ತಂತಿಯನ್ನೇ ಗಂಡನಿಗೂ ಹಾಕಿಸಿದಳು. ಬಿಲ್ಲೆ ಹಚ್ಚಿಕೊಂಡು ಅವನ ಕಾಲು ಮುಟ್ಟಿದ್ದೇ ತಡ, ಅವಳ ಕಿವಿಯ ಹಿಂದೆ ಇರುವೆ ಹರಿಯಿತು. ಅವತ್ತು ಅವಳು ಆಸ್ಪತ್ರೆಯ ನೆಲದ ಮೇಲೆ ಕೂತು ಅತ್ತುಬಿಟ್ಟಳು. ಅವನಿದ್ದ. ಕರೆಯುತ್ತಿದ್ದ.

ಮುಂದೆ ಆ ಮನೆಯ ಸಂಸಾರವೆಲ್ಲ ಇರುವೆಯ ಮೇಲೆ ನಡೆಯಿತು. ಬೆಳಿಗ್ಗೆ ವ್ಯಾಯಾಮಕ್ಕೆಂದು ಈರಣ್ಣನನ್ನು ಹಲಗೆಗೆ ಬಿಗಿದು, ಹಲಗೆಯನ್ನು ಸ್ಕ್ರೂ ತಿರುಗಿಸಿ ಮೆಲ್ಲಗೆ ನಿಲ್ಲಿಸುವುದು. ಸ್ಕ್ರೂ ತಿರುಗಿಸಿದಷ್ಟೂ ಇರುವೆ ಜೋರು. "ಇನ್ನೂ ಎತ್ತು ಅನ್ನಾಕತ್ತಾನ ನೋಡ" ಎಂದು ಅವನ ತಾಯಿ ಗುರುಸಿದ್ದವ್ವ ಹಿಗ್ಗುತ್ತಿದ್ದಳು. ಅವಳ ಕಿವಿಯ ಹಿಂದೆಯೂ ಒಂದು ಬಿಲ್ಲೆ. ಹತ್ತು ನಿಮಿಷ ನಿಲ್ಲಿಸುತ್ತಿದ್ದವರು ಅರ್ಧ ತಾಸು ನಿಲ್ಲಿಸಿದರು. ಸ್ನಾಯು ಸೊರಗದಿರಲೆಂದು ಕೈಕಾಲಿಗೆ ಕರೆಂಟು ಕೊಡುವಾಗ ಇರುವೆ, ಮೂಗಿನ ನಳಿಗೆಯಲ್ಲಿ ಅಂಬಲಿ ಬಿಡುವಾಗ ಇರುವೆ. ಎಲ್ಲಿ ಇರುವೆ ಹರಿಯಿತೋ ಅಲ್ಲಿ ಪ್ರೀತಿಯಿಂದ ಒಂದು ಪಾಲು ಹೆಚ್ಚು.

ಬೇನೆ ಬಿದ್ದವರನ್ನು ಮಾತಾಡಿಸಲು ಹೋಗುವುದು ಆ ಕಡೆಯ ಪದ್ಧತಿ. ಹೋಗದಿದ್ದರೆ ತಪ್ಪು ತಿಳಿಯುತ್ತಾರೆ. ಹಿಂಡು ಹಿಂಡಾಗಿ ಬಂದರು. ಗುರುಸಿದ್ದವ್ವ ಒಂದು ಬಿಲ್ಲೆಯನ್ನು ಬಂದವರಿಗೆಂದೇ ತಾಟಿನಲ್ಲಿ ಎಲೆ-ಅಡಿಕೆಯ ಪಕ್ಕ ಇಟ್ಟಿದ್ದಳು. ಬಂದವರು ಅದನ್ನು ಹಚ್ಚಿಕೊಂಡು, ಈರಣ್ಣನ ಮುಖದ ಮೇಲೆ ಬಗ್ಗಿ, "ಆರಾಮದೀರಿ, ಮಾಸ್ತರ?" ಎಂದು ಕೂಗುವರು. ಇರುವೆ ಹರಿಯುವುದು. "ಯವ್ವಾ, ನನ್ನ ಗುರುತು ಹಿಡದಾರ!" ಎಂದು ಕಣ್ಣೊರೆಸಿಕೊಳ್ಳುವರು, ಇನ್ನಷ್ಟು ಹತ್ತಿರ ಕೂತು ಅವನ ಕಾಲು ತಿಕ್ಕುವರು. ತಿಕ್ಕಿದಷ್ಟೂ ಇರುವೆ. ಏಳಲು ಮನಸ್ಸೇ ಬರುತ್ತಿರಲಿಲ್ಲ ಪಾಪ, ಅಷ್ಟು ಕರೆಯುವಾಗ ಎದ್ದು ಹೋಗುವುದು ಹೇಗೆ?

ಈಗ ದೊಡ್ಡ ಆಪರೇಷನ್ನಿನ ಮಾತು ಬಂದಿತ್ತು. ಇನ್ನೂ ಆಳಕ್ಕೆ ತಂತಿಗಳ ಕಟ್ಟನ್ನೇ ಇಳಿಸಿ, ಕೈಕಾಲುಗಳನ್ನು ಎಬ್ಬಿಸಲು ಸಾಧ್ಯವೇ ನೋಡುವುದು. ಬದುಕುಳಿಯುವ ಭರವಸೆ ಅರ್ಧಕ್ಕರ್ಧ. ರೋಗಿಯ ಒಪ್ಪಿಗೆ ಬೇಕೆಂದು ಆಸ್ಪತ್ರೆಯ ಸಮಿತಿಯ ಮೂವರು ಮನೆಗೇ ಬಂದು, ಬಿಲ್ಲೆ ಹಚ್ಚಿಕೊಂಡು, "ಆಪರೇಷನ್ ಮಾಡೋಣವೇ?" ಎಂದು ಸ್ಪಷ್ಟವಾಗಿ ಕೇಳಿದರು. ಮೂವರ ಕಿವಿಯ ಹಿಂದೆಯೂ ಇರುವೆ ಎಷ್ಟು ಜೋರಾಗಿ ಹರಿಯಿತೆಂದರೆ, ಒಬ್ಬರು ಬಿಲ್ಲೆ ಕಿತ್ತುಕೊಂಡು ಕಿವಿ ಉಜ್ಜಿಕೊಂಡರು. ಒಪ್ಪಿಗೆ ಎಂದು ಬರೆದುಕೊಂಡು ಹೋದರು. ಆಪರೇಷನ್ ನಾಡಿದ್ದು.

ಆ ಆಪರೇಷನ್ನಿಗೆಂದು ಬಂದಿದ್ದ ಹೊಸ ಬಿಲ್ಲೆಗಳನ್ನು ಪರೀಕ್ಷಿಸಲು ದಾನಮ್ಮ ಬೆಳಿಗ್ಗೆ ಕೇಂದ್ರಕ್ಕೆ ಹೋದಳು. ಬಿಲ್ಲೆಯ ಯಂತ್ರ ಕಟ್ಟಿದವನು ಮಕಬೂಲ್ ನದಾಫ್, ಅವಳ ಜೊತೆ ಹತ್ತು ವರ್ಷದಿಂದ ದುಡಿದ ಎಂಜಿನಿಯರ್.

"ಮನ್ಯಾಗ ಹಚ್ಚೂಕಿಂತ ಮೊದಲ ಇಲ್ಲೇ ಒಮ್ಮೆ ನೋಡಿಬಿಡ್ರಿ, ಮೇಡಂ" ಎಂದ. "ಹರಕಿವಿಗೆ ಜೋಡಿಸೀನಿ. ಅಕಿ ಕರದ್ರ ನಿಮಗ ಗೊತ್ತಾಗಬೇಕು."

ಹರಕಿವಿ ಹಿಂಡಿನ ಹಿರಿಯ ಹೆಣ್ಣು ಮಂಗ. ಯಾವುದೋ ಹಳೆಯ ಜಗಳದಲ್ಲಿ ಎಡಕಿವಿ ಹರಿದಿತ್ತು. ಹಗ್ಗದಾಟದಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ವಿಚಿತ್ರವೆಂದರೆ ಇಷ್ಟು ವರ್ಷ ಬಿಲ್ಲೆಯನ್ನು ಮಂಗಗಳು ಹಚ್ಚಿಕೊಂಡಿದ್ದವು, ಮನೆಯವರು ಹಚ್ಚಿಕೊಂಡಿದ್ದರು. ಮಂಗವೊಂದರ ಕರೆಯನ್ನು ದಾನಮ್ಮ ತನ್ನ ಕಿವಿಯ ಹಿಂದೆ ಕೇಳಿರಲೇ ಇಲ್ಲ. ಅವಳು ನೋಡುತ್ತಿದ್ದುದು ಪರದೆಯ ಮೇಲಿನ ಗೆರೆಗಳನ್ನು. ಅದೂ ಅಳಿಸದೆ ಉಳಿದವುಗಳನ್ನು.

ಹರಕಿವಿಗೆ ಅಂದು ಜೋಡಿಯಾಗಿ ಸಿಕ್ಕಿದ್ದು ದುಬ್ಬಿ ಎಂಬ ಹರೆಯದ ಮಂಗ. ಅವಳಿಗೆ ಹಗ್ಗವೂ ಹೊಸದು, ಬಿಲ್ಲೆಯೂ ಇರಲಿಲ್ಲ. ದುಬ್ಬಿಯ ಬಾಗಿಲು ಮೊದಲು ತೆರೆಯಿತು. ಹರಕಿವಿ ಇನ್ನೂ ತನ್ನ ಗೂಡಿನೊಳಗೆ, ಸರಳುಗಳ ಸಂದಿಯಿಂದ ನೋಡುತ್ತಿದ್ದಳು. ದಾನಮ್ಮ ಜಾಲರಿಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು.

ದುಬ್ಬಿ ಹಗ್ಗಕ್ಕೆ ಕೈ ಚಾಚಿದಳು. ದಾನಮ್ಮನ ಕಿವಿಯ ಹಿಂದೆ ಇರುವೆ ಹರಿಯಿತು.

ದುಬ್ಬಿಗೆ ಬಗಲು ತುರಿಸಿತು. ಕೈ ಹಿಂದೆ ತೆಗೆದು ಕೆರೆದುಕೊಂಡಳು. ಇರುವೆ ನಿಂತಿತು.

ಮತ್ತೆ ಕೈ ಚಾಚಿದಳು. ಮತ್ತೆ ಇರುವೆ, ಈ ಸಲ ಜೋರಾಗಿ. ದುಬ್ಬಿ ತಡೆಯದೆ ಜಗ್ಗಿದಳು. ಹಗ್ಗ ಸರ್ರನೆ ಬಳೆಗಳಿಂದ ಜಾರಿ ಬಂತು, ಶೇಂಗಾ ಅಲ್ಲೇ ಉಳಿಯಿತು. ಹರಕಿವಿ ಸರಳು ಹಿಡಿದು ಕುಣಿದಾಡಿ ಕಿರುಚಿದಳು. ದಾನಮ್ಮನ ಕಿವಿಯ ಹಿಂದೆ ಇರುವೆಯಲ್ಲ, ಇರುವೆಯ ಗೂಡೇ ಎದ್ದಿತ್ತು.

"ಕೆಟ್ಟ ಸರದಿ" ಎಂದ ಮಕಬೂಲ್. ಕಂಪ್ಯೂಟರು ಆಗಲೇ ಅಳಿಸಿ ಮುಗಿಸಿತ್ತು.

"ಇನ್ನೊಮ್ಮೆ ಬಿಡ್ರಿ" ಎಂದಳು ದಾನಮ್ಮ.

ಈ ಸಲ ಎರಡೂ ಬಾಗಿಲು ಒಟ್ಟಿಗೇ ತೆರೆಯಿಸಿದಳು. ದುಬ್ಬಿ ಮುಂಚೆ ಓಡಿ ಬಂದು ಹಗ್ಗಕ್ಕೆ ಕೈ ಹಾಕಿದಳು, ಇರುವೆ. ಹರಕಿವಿ ಕುಂಟುತ್ತ ಬಂದು ತನ್ನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇರುವೆ ಪಟ್ಟನೆ ನಿಂತಿತು. ಆಮೇಲೆ ಎಳೆದರು. ತಟ್ಟೆ ಬಂತು.

ಅಲೆ ಎದ್ದು, ಆಮೇಲೆ ಎಳೆತ. ನಿಜ. ಆದರೆ ಅಲೆ ಎದ್ದು, *ನಿಂತು*, ಆಮೇಲೆ ಎಳೆತ. ಎದ್ದದ್ದನ್ನು ನೋಡಿ ಹೆಸರಿಟ್ಟಿದ್ದರು, ನಿಂತದ್ದನ್ನು ಕಣ್ಣಿದ್ದೂ ನೋಡಿರಲಿಲ್ಲ. ಹರಕಿವಿ ಯಾರನ್ನೂ ಕರೆಯುತ್ತಿರಲಿಲ್ಲ. ಬೇಡ, ಬೇಡ, ಕೈ ತೆಗಿ ಎನ್ನುತ್ತಿದ್ದಳು.

ದಾನಮ್ಮ ಎದ್ದು ಮಕಬೂಲನಿಗೆ ಅದನ್ನೇ ಹೇಳಿದಳು. ಅಂದು ಬೆಳಿಗ್ಗೆ ತಾನೇ ಹಲಗೆಯ ಸ್ಕ್ರೂವನ್ನು ಎರಡು ಸುತ್ತು ಹೆಚ್ಚು ತಿರುಗಿಸಿ ಬಂದಿದ್ದಳು, ಗಂಡ ಅಷ್ಟು ಕರೆಯುತ್ತಿದ್ದಾನಲ್ಲ ಎಂದು.

"ಒಂದೆರಡು ಸರದಿ ನೋಡಿ ಹಿಂಗಂದ್ರ ಹೆಂಗ್ರೀ ಮೇಡಂ?" ಎಂದ ಮಕಬೂಲ್, ಅವಳು ಹೇಳಿದ್ದನ್ನು ಕೇಳಿ. "ಹರಕಿವಿ ಒಬ್ಬಾಕಿ ಹಂಗ ಇರಬಹುದು."

ಹಾಗೇ ಇರಲಿ ದೇವರೇ ಎಂದು ದಾನಮ್ಮನೂ ಬೇಡಿಕೊಂಡಳು. ಅಳಿಸುವ ನಿಯಮವನ್ನು ತೆಗೆದುಹಾಕಿದರು. ತಂತಿ ಹಾಕಿದ ಉಳಿದೆಲ್ಲ ಮಂಗಗಳನ್ನು ಒಂದೊಂದಾಗಿ, ಬೇಕೆಂದೇ ಅವಸರಗೇಡಿ ಮರಿಗಳ ಜೊತೆ ಬಿಟ್ಟರು. ತಟ್ಟೆ ಬಾರದಂತೆ ನೋಡಿಕೊಳ್ಳುವ ಪ್ರಯೋಗ ಅದು. ಬದುಕಿನಲ್ಲೇ ಅವಳು ಮೊದಲ ಸಲ ಮಾಡಿದ್ದು. ಒಂದು ಮಂಗವಾದರೂ ತನ್ನ ಮಾತು ಸುಳ್ಳು ಮಾಡಲಿ ಎಂದು ಜಾಲರಿ ಹಿಡಿದು ನಿಂತಳು. ಒಂದೂ ಮಾಡಲಿಲ್ಲ.

ಮಧ್ಯಾಹ್ನದ ಊಟ ಹಾಗೇ ಉಳಿದಿತ್ತು. ಮಕಬೂಲ್ ತಲೆ ಹಿಡಿದುಕೊಂಡು ಕೂತ. "ಬಾ ಅಂದ್ರೂ ತಟ್ಟಿ ಬರತದ, ತಡಿ ಅಂದ್ರೂ ಜೋಡಿ ಕಾಯತದ, ತಟ್ಟಿ ಬರತದ. ಎರಡಕ್ಕೂ ಅದ ತಟ್ಟಿ."

"ನಾವು ತಟ್ಟಿ ಬಂದದ್ದಷ್ಟ ನೋಡಿದ್ವಿ, ಮಕಬೂಲ್. ಜಗಳ ಆದದ್ದೆಲ್ಲಾ ಕಸ ಅಂತ ಚೆಲ್ಲಿದ್ವಿ. ಅವು ಹೇಳೂದೆಲ್ಲಾ ಅದರಾಗ ಇತ್ತು."

"ಮಾಸ್ತರರನ್ನ ನೋಡಿ ಬ್ಯಾರೆ ಊರಾಗೂ ತಂತಿ ಹಾಕಿಸಿಕೊಂಡ ರೋಗಿಗಳು ಅದಾರಲ್ರಿ" ಎಂದ ಅವನು. "ಅವರ ಮನಿಯಾಗೂ ಹಿಂಗ..." ಎದ್ದು ಹೋಗಿ ಒಬ್ಬೊಬ್ಬರಿಗೇ ಫೋನು ಹಚ್ಚತೊಡಗಿದ.

ದಾನಮ್ಮ ಆಸ್ಪತ್ರೆಗೆ ಫೋನು ಮಾಡಿದಳು. ಆಪರೇಷನ್ ಬೇಡ ಎಂದಳು. ಸರ್ಜನ್ನರಿಗೆ ಬೇಸರವಾಯಿತು. "ಮೇಡಂ, ಕೊನೆಗಳಿಗೆಯಲ್ಲಿ ಮನೆಯವರಿಗೆ ಹೆದರಿಕೆ ಆಗೋದು ಸಹಜ. ಆದರೆ ರೋಗಿಯೇ ಒಪ್ಪಿಗೆ ಕೊಟ್ಟಿದ್ದಾರೆ, ನಮ್ಮ ಮೂವರು ಸಾಕ್ಷಿ ಇದ್ದಾರೆ."

"ಅವರು ಕೊಟ್ಟಿಲ್ಲ, ಡಾಕ್ಟರೇ. ಮೂವರಿಗೂ ಬೇಡ ಅಂತ ಹೇಳಿದ್ದಾರೆ. ಕೂಗಿ ಹೇಳಿದ್ದಾರೆ."

ಆಪರೇಷನ್ ನಿಂತಿತು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕಾರು ನಡೆಸುವಾಗ ಹಿಂದಿನ ದಿನಗಳೆಲ್ಲ ಒಂದೊಂದಾಗಿ ಎದುರು ಬಂದು ನಿಂತವು. ಕರೆಂಟು ಕೊಟ್ಟ ಬೆಳಗುಗಳು. ಅವನ ಕಾಲಿನ ಮೇಲೆ ಗಂಟೆಗಟ್ಟಲೆ ಕೈಯಾಡಿಸಿದ ಬಂಧುಬಳಗ. ಬಾಯಿ ಇದ್ದಾಗ ಎಂದೂ ಇಲ್ಲ ಎನ್ನದವನು, ಬಾಯಿ ಹೋದ ಮೇಲೆ ಇಲ್ಲ ಎಂಬ ಒಂದೇ ಮಾತು ಕಲಿತಿದ್ದ. ಆ ಒಂದು ಮಾತನ್ನು ಅವರೆಲ್ಲ ಸೇರಿ ಹೌದು ಎಂದು ಕೇಳಿಸಿಕೊಂಡಿದ್ದರು. ಅವಳು ದಾರಿಯ ಬದಿಗೆ ಕಾರು ನಿಲ್ಲಿಸಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಗುರುಸಿದ್ದವ್ವ ಜೋಳದ ಅಂಬಲಿಯನ್ನು ಮೂರು ಸಲ ಬಟ್ಟೆಯಲ್ಲಿ ಸೋಸಿ, ಬೆಚ್ಚಗೆ ಮಾಡಿ, ದಪ್ಪ ಸಿರಿಂಜಿಗೆ ತುಂಬಿಕೊಂಡು ಮಗನ ಮಂಚದ ಹತ್ತಿರ ಕೂತಿದ್ದಳು. ಒಂದು ಕೈ ಮಗನ ಎದೆಯ ಮೇಲೆ.

"ಬಂದೇನ್ವಾ? ನೋಡ, ಹೆಂಗ ಕರಿಯಾಕತ್ತಾನ. ಹಸದಾನ ನನ್ನ ಮಗ."

ದಾನಮ್ಮ ತನ್ನ ಬಿಲ್ಲೆಯನ್ನು ಹಚ್ಚಿಕೊಂಡಳು. ಇರುವೆ ಹರಿಯುತ್ತಿತ್ತು. "ಅತ್ತೀ, ಆ ಕೈ ತೆಗೀರಿ."

"ಯಾಕ?"

"ಒಮ್ಮೆ ತೆಗೀರಿ."

ಗುರುಸಿದ್ದವ್ವ ತೆಗೆದಳು. ಇರುವೆ ನಿಂತಿತು. "ಈಗ ಇಡ್ರಿ." ಇಟ್ಟಳು. ಇರುವೆ ಹರಿಯಿತು. ದಾನಮ್ಮ ಮತ್ತೆ ತೆಗೆಯಲು ಹೇಳಿದಳು, ಮತ್ತೆ ಇಡಲು ಹೇಳಿದಳು. ಮುದುಕಿಗೆ ಓದು ಬರುತ್ತಿರಲಿಲ್ಲ, ಆದರೆ ಬುದ್ಧಿಗೇನೂ ಕಡಿಮೆಯಿರಲಿಲ್ಲ. ಮೂರನೆಯ ಸಲ ಇಡಲು ಹೋದ ಕೈ ಗಾಳಿಯಲ್ಲೇ ನಿಂತಿತು.

"ಅಂದ್ರ?" ಎಂದಳು.

"ಕರಿಯೂದಲ್ಲ ಅತ್ತೀ ಅದು. ಬ್ಯಾಡ ಅನ್ನೂದು. ನಾನ ತಪ್ಪು ತಿಳಕೊಂಡಿದ್ದೆ. ನಾನ ಎಲ್ಲಾರಿಗೂ ತಪ್ಪು ಹೇಳಿದೆ."

"ಯಾವಾಗಿಂದ ಬ್ಯಾಡ ಅನ್ನಾಕತ್ತಾನ?"

"ಮೊದಲನೇ ದಿನದಿಂದ ರೀ."

ಗುರುಸಿದ್ದವ್ವ ಬಯ್ದಿದ್ದರೆ ದಾನಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ಮುದುಕಿ ಮಗನ ಮುಖವನ್ನೇ ನೋಡುತ್ತ ಕೂತಳು. ಆ ಮುಖದಲ್ಲಿ ಓದಿಕೊಳ್ಳಲು ಏನೂ ಇರಲಿಲ್ಲ. ಆಮೇಲೆ ಸಿರಿಂಜನ್ನು ಎತ್ತಿ ನಳಿಗೆಯ ಹತ್ತಿರ ಒಯ್ದಳು. ಇರುವೆ. ಕೆಳಗಿಳಿಸಿದಳು. ಇಲ್ಲ. ಮತ್ತೆ ಒಯ್ದಳು. ಇಬ್ಬರ ಕಿವಿಯ ಹಿಂದೆಯೂ ಒಟ್ಟಿಗೇ ಹರಿಯಿತು.

"ಅಂಬಲೀನೂ ಒಲ್ಲೇನೋ, ಯಪ್ಪಾ?" ಎಂದಳು. "ನಾ ಸೋಸಿ ತಂದೀನಲ್ಲೋ."

ದಾನಮ್ಮ ವಿಜ್ಞಾನದವಳು. ಇದೊಂದೇ ಹೊತ್ತು ಬೇಡವೆನ್ನುತ್ತಿರಬಹುದು, ಹೊಟ್ಟೆ ತುಂಬಿರಬಹುದು, ನಳಿಗೆ ನೋಯುತ್ತಿರಬಹುದು, ಇನ್ನೂ ಹಲವು ಸಲ ನೋಡದೆ ಏನೂ ಹೇಳಲಾಗದು ಎಂದು ಮನಸ್ಸು ಒಂದರ ಹಿಂದೊಂದು ಕಾರಣ ಹುಡುಕಿ ಕೊಡುತ್ತಲೇ ಇತ್ತು. ಅವಳು ಒಂದನ್ನೂ ನಂಬಲಿಲ್ಲ. ಡಾಕ್ಟರಿಗೆ ಹೇಳಿಬರುತ್ತೇನೆಂದು ಫೋನು ತೆಗೆದುಕೊಂಡು ಬಾಗಿಲಿನ ಕಡೆ ತಿರುಗಿದಳು. ಇರುವೆ ಹರಿಯಿತು. ನಿಂತಳು. ಸುಮ್ಮನಾಯಿತು. ಒಂದು ಹೆಜ್ಜೆ ಇಟ್ಟಳು. ಹರಿಯಿತು.

ಅವಳು ವಾಪಸು ಬಂದು ಮಂಚದ ಪಕ್ಕದ ನೆಲದ ಮೇಲೆ, ಅವನಿಗೆ ತಾಗದಂತೆ ಕೂತಳು. ಇರುವೆ ಬರಲಿಲ್ಲ. ಮುಟ್ಟಬೇಡ, ಉಣಿಸಬೇಡ, ಹೋಗಬೇಡ. ಇಷ್ಟು ದಿನದಲ್ಲಿ ಮೊದಲ ಸಲ ಅವಳು ಗಂಡ ಹೇಳಿದ್ದನ್ನು ಹೇಳಿದ ಹಾಗೇ ಕೇಳಿದ್ದಳು. ಕೇಳಿದ ಮೇಲೆ ಅದನ್ನು ನಡೆಸಿಕೊಡುವುದು ಹೇಗೆಂದು ಮಾತ್ರ ತಿಳಿಯಲಿಲ್ಲ.

"ಇವತ್ತು ಉಣಿಸಲಿಲ್ಲಂದ್ರ?" ಎಂದಳು ಗುರುಸಿದ್ದವ್ವ.

"ಇವತ್ತೇನೂ ಆಗೂದಿಲ್ಲ."

"ನಾಳೆ?"

ದಾನಮ್ಮ ಕೈಯಲ್ಲಿದ್ದ ಫೋನನ್ನು ನೆಲದ ಮೇಲಿಟ್ಟಳು.

"ಸಣ್ಣಂವ ಇದ್ದಾಗ ಊಟಕ್ಕ ಬಾಳ ಕಾಡತಿದ್ದ ಇವ" ಎಂದಳು ಮುದುಕಿ. "ಮೂಗು ಹಿಡದು ತುರುಕತಿದ್ದೆ. ಅದಕ್ಕ ಬೆಳದ."

"ಅತ್ತೀ, ಅವರು ಬ್ಯಾಡ ಅನ್ನಾಕತ್ತಾರ."

"ಕೇಳಸ್ತು." ಗುರುಸಿದ್ದವ್ವ ಕಿವಿಯ ಹಿಂದೆ ಕೈ ಹಾಕಿ ತನ್ನ ಬಿಲ್ಲೆಯನ್ನು ಕಿತ್ತಳು. ಎಲೆ-ಅಡಿಕೆಯ ತಾಟಿನಲ್ಲಿ ಬೋರಲಾಗಿ ಇಟ್ಟಳು. "ಈಗ ಕೇಳಸೂದಿಲ್ಲ."

ಸಿರಿಂಜನ್ನು ನಳಿಗೆಗೆ ಜೋಡಿಸಿದಳು. ಆ ಕೈಯನ್ನು ಹಿಡಿದು ನಿಲ್ಲಿಸಬೇಕೆಂದು ದಾನಮ್ಮ ಅರ್ಧ ಎದ್ದಳು, ಎದ್ದವಳು ಹಾಗೇ ಕೂತುಬಿಟ್ಟಳು. ತಾಯಿಯ ಕೈ ಹಿಡಿಯುವ ಶಕ್ತಿ ಅವಳಿಗಿರಲಿಲ್ಲ. ನಿಜ ಹೇಳಬೇಕೆಂದರೆ, ಅಂಬಲಿ ಒಳಗೆ ಹೋಗಲಿ ಎಂಬ ಆಸೆ ಅವಳೊಳಗೂ ಇತ್ತು, ಅದಕ್ಕಾಗಿ ತನ್ನ ಬಗ್ಗೆ ತಾನೇ ಅಸಹ್ಯಪಟ್ಟುಕೊಂಡಳು.

ಗುರುಸಿದ್ದವ್ವ "ಉಣ್ಣೋ ನನ್ನಪ್ಪಾ, ಉಣ್ಣೋ" ಎನ್ನುತ್ತ ಮೆಲ್ಲಗೆ, ಒಂದು ಹನಿಯೂ ಚೆಲ್ಲದಂತೆ, ಸಿರಿಂಜು ಖಾಲಿಯಾಗುವವರೆಗೂ ನೂಕಿದಳು. ದಾನಮ್ಮನ ಕಿವಿಯ ಹಿಂದೆ ಇರುವೆ ಅಷ್ಟು ಹೊತ್ತೂ ಹರಿಯಿತು. ಅವಳು ಬಿಲ್ಲೆಯನ್ನು ತೆಗೆಯಲಿಲ್ಲ.